ಹಸುವಿಗೆ ಹೇಳಿದ ಮಾತು

ಕೋಪ ಬಂದಾಗ ಬರೆಯಬಾರದು ಅನ್ನುತ್ತಾರೆ. ಕೋಪ ಇಳಿಯಲಿ ಅಂತ ಕಾದರೆ ನಾನು ಈ ಜನ್ಮದಲ್ಲಿ ಬರೆಯುವ ಹಾಗಿಲ್ಲ. ಜಂಗಮಕೋಟೆಯ ಮನೆಯಲ್ಲೇ ಕೂತು ನಾನು ಮಾಡುವ ಕೆಲಸ ಕೇಳಿದರೆ ನಗುತ್ತೀರಿ. ಬ್ಲಾಕ್‌ಚೈನ್ ಅಂತ, ಯಾರೂ ತಿದ್ದಲಾಗದ ಕಂಪ್ಯೂಟರ್ ಲೆಕ್ಕದ ಪುಸ್ತಕ ಇದೆಯಲ್ಲ, ಅದರ ಮೇಲೆ ಮಹಡಿ ಎಬ್ಬಿಸಿದ ಹಾಗೆ ಲೇಯರ್ ಟೂ ಜಾಲಗಳಿವೆ. ಒಂದರ ಮಾತು ಇನ್ನೊಂದಕ್ಕೆ ನೇರವಾಗಿ ಕೇಳಿಸದು, ನಡುವೆ ಯಾರಾದರೂ ಸಾಗಿಸಬೇಕು. ಸಾಗಿಸುವವನು ಎಂಥ ಕಳ್ಳನಾದರೂ ಮಾತು ತಿರುಚಲಾರ, ಒಂದೇ ಮಾತನ್ನು ಎರಡು ಸಲ ಮುಟ್ಟಿಸಲಾರ ಅಂತ ಗಣಿತದಲ್ಲಿ ಸಾಬೀತು ಮಾಡುವುದೇ ನನ್ನ ಹೊಟ್ಟೆಪಾಡು.

ನಮ್ಮ ಮನೆಯಲ್ಲೂ ಅಂಥ ಎರಡು ಜಾಲಗಳಿವೆ: ಅತ್ತೆ ಮತ್ತು ನನ್ನ ಓರಗಿತ್ತಿ ನಾಗರತ್ನಕ್ಕ. ಅಕ್ಕ ಮುರುಗಮಲ್ಲದ ದರ್ಗಾಕ್ಕೆ ಹೋಗುವಾಗ ತಮ್ಮನ್ನು ಕರೆಯಲಿಲ್ಲ ಅಂತ ಅತ್ತೆ ಅವಳ ಜೊತೆ ಮಾತು ಬಿಟ್ಟರು. ಬಿಟ್ಟವರು ಸುಮ್ಮನಾದರೂ ಇರಬೇಕಲ್ಲ! ಹೇಳಬೇಕಾದ್ದನ್ನೆಲ್ಲ ಹಸುವಿಗೆ ಹೇಳುತ್ತಾರೆ, ಅಕ್ಕನಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಅಕ್ಕನೂ ಹಸುವಿಗೇ ಉತ್ತರ ಕೊಡುತ್ತಾಳೆ. ಅಪ್ಪಿತಪ್ಪಿ ಮುಖ ತಿರುಗಿಸಿ ನೋಡಿದವರು ಸೋತ ಹಾಗೆ.

ಮೊನ್ನೆ ನಾವು ಸಾಕಿದ ರೇಷ್ಮೆಹುಳುಗಳು ಕೊನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿದ್ದವು. ಇನ್ನೊಂದು ವಾರ ಹಿಪ್ಪುನೇರಳೆ ಸೊಪ್ಪು ತಿಂದರೆ ಗೂಡು. ಬೆಳಿಗ್ಗೆ ಅತ್ತೆ ಹಸುವಿನ ಬೆನ್ನು ತಟ್ಟಿ, ಪಕ್ಕದ ದ್ರಾಕ್ಷಿ ತೋಟದವರು ಔಷಧಿ ಹೊಡೆದಿದ್ದಾರೆ, ಮೂಡಲ ಕಡೆಯ ಸೊಪ್ಪು ಕುಯ್ಯಬೇಡ ಅಂದರು. ಅಕ್ಕ ಮೇವು ಕತ್ತರಿಸುವ ಮಿಷನ್ ಹಾಕಿಕೊಂಡಿದ್ದಳು. ಏನೂ ಕೇಳಿಸಲಿಲ್ಲ. ಆ ಸೊಪ್ಪನ್ನೇ ಕುಯ್ದು ತಂದು ಹಾಕಿದಳು. ಸಂಜೆಯ ಹೊತ್ತಿಗೆ ಅರ್ಧದಷ್ಟು ಹುಳುಗಳು ತಲೆ ಎತ್ತಿ, ಹಸಿರು ಕಕ್ಕಿ ಸತ್ತವು.

ಅಂಗಳದ ನಡುವೆ ನಿಂತು ಇಬ್ಬರಿಗೂ ಬಾಯಿಗೆ ಬಂದಂತೆ ಬೈದೆ. ನಿಮ್ಮ ಬಿಗುಮಾನಕ್ಕೆ ಬೆಂಕಿ ಬೀಳ, ಕಳಿಸಿದರೆ ಸಾಲದು, ಮುಟ್ಟಿತೋ ಇಲ್ಲವೋ ನೋಡಬೇಕು, ಅದನ್ನು ಸಾಬೀತು ಮಾಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ ಅಂತ ಕೂಗಾಡಿದೆ. ಅತ್ತೆ ಎಲ್ಲ ಕೇಳಿಸಿಕೊಂಡು, ನಿಧಾನವಾಗಿ ಕೇಳಿದರು:

"ಬೆಳಿಗ್ಗೆ ನಾನು ಹೇಳಿದ್ದು ನಿಂಗೆ ಕೇಳಿಸ್ತಾ?"

ಕೇಳಿಸಿತ್ತು. ಕಿಟಕಿ ಪಕ್ಕದಲ್ಲೇ ಕೂತಿದ್ದೆ, ಒಂದಕ್ಷರ ಬಿಡದೆ ಕೇಳಿಸಿತ್ತು. ಮೀಟಿಂಗ್‌ನಲ್ಲಿದ್ದೆ, ಎದ್ದು ಹೋಗಿ ಅಕ್ಕನಿಗೆ ಹೇಳಲಿಲ್ಲ. ಸಾಗಿಸುವವನು ಕಳ್ಳನಾದರೆ ಏನು ಮಾಡಬೇಕು ಅಂತ ಆ ಮೀಟಿಂಗ್‌ಗಳಲ್ಲಿ ಯೋಚಿಸಿದ್ದೆವೇ ಹೊರತು, ಸೋಮಾರಿಯಾದರೆ ಏನು ಮಾಡಬೇಕು ಅಂತ ಯಾರೂ ಯೋಚಿಸಿರಲಿಲ್ಲ.

ಆಗ ಅತ್ತೆ ಮುಖ ತಿರುಗಿಸಿ, ಇಷ್ಟು ದಿನಕ್ಕೆ ಮೊದಲ ಸಲ, ನೇರವಾಗಿ ಅಕ್ಕನಿಗೇ ಹೇಳಿದರು: "ಇವಳಿಗೆ ಅದ್ಯಾರು ಕಣಮ್ಮ ಸಂಬಳ ಕೊಡೋದು?"

"ಅದೇ ನಂಗೂ ಗೊತ್ತಾಗ್ತಿಲ್ಲ ಅತ್ತೆ" ಅಂದಳು ನಾಗರತ್ನಕ್ಕ.