ಬ್ಯಾರನ್ನಿನಲ್ಲಿ ಬೆಂದ ಹಾಡು

ಬಾಮೈದ ಸ್ವಾಮಿಯ ಮದುವೆ ಮೆರವಣಿಗೆಗೆ ಬ್ಯಾಂಡ್‌ಸೆಟ್ ಬೇಡ ಎಂದು ಘೋಷಿಸಿದವನು ನಾನೇ. ಕೆಂಪು ಕೋಟು ತೊಟ್ಟು, ಕೆನ್ನೆ ಉಬ್ಬಿಸಿ ಊದಿದ್ದನ್ನೆಲ್ಲ ಸಂಗೀತ ಅನ್ನುವ ಕಾಲ ಮುಗಿಯಿತು! ನಮ್ಮ ಮನೆಗೆ ಕಂಪ್ಯೂಟರ್ ಬಂದಿತ್ತು. ಅದರಲ್ಲಿ ನಾನು ಸ್ವಂತ ಡ್ಯಾನ್ಸ್ ಮ್ಯೂಸಿಕ್ ತಯಾರಿಸುತ್ತಿದ್ದೆ. ಹುಣಸೂರು ತಾಲ್ಲೂಕಿಗೆಲ್ಲ ಅಂಥ ಕಲಾವಿದ ನಾನೊಬ್ಬನೇ ಎಂಬ ವಿಷಯ ತಾಲ್ಲೂಕಿಗೆ ಮಾತ್ರ ಗೊತ್ತಿರಲಿಲ್ಲ.

"ಭಾವ, ಕೆ.ಆರ್. ನಗರದ ಹೆಣ್ಣಿನ ಕಡೆಯೋರು ಬಾಯ್ ಬುಟ್ಕೊಂಡು ನೋಡ್ಬೇಕು. ಅವತ್ತು ನಾನು ಕುಣೀದೆ ಬುಡಾಕಿಲ್ಲ!" ಎಂದ ಸ್ವಾಮಿ. ನನ್ನನ್ನು ನಂಬಿ ಬ್ಯಾಂಡಿನವರಿಗೆ ಬೇಡವೆಂದು ಹೇಳಿಯೂ ಬಿಟ್ಟ.

ಹಾಡೇನೋ ಆಗಿತ್ತು. ಆದರೆ ಒಂದು ಸದ್ದಿನ ಮೇಲೆ ಇನ್ನೊಂದು ಬಿದ್ದು ಕಲಸುಮೇಲೋಗರವಾಗಿತ್ತು. ಹುಣಸೂರಿನ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಓದಿದೆ. ಯಾವ ಸದ್ದು ಎಷ್ಟಿರಬೇಕೋ ಅಷ್ಟೇ ಇರುವಂತೆ ಹೊಂದಿಸುವುದಕ್ಕೆ ಮಿಕ್ಸಿಂಗ್ ಅನ್ನುತ್ತಾರಂತೆ. ಅದಕ್ಕೆ ಹೊರಗಿನ ಗಲಾಟೆ ನುಗ್ಗದ ಕೋಣೆ ಬೇಕಂತೆ. ಕೋಣೆಯ ಬಗ್ಗೆ ಮುಂದೆ ಇನ್ನೂ ಏನೇನೋ ಬರೆದಿತ್ತು. ಬುದ್ಧಿವಂತನಿಗೆ ಇಷ್ಟು ಸಾಕು ಎಂದು ಎದ್ದು ಬಂದೆ.

ದಪ್ಪ ಗೋಡೆ, ಎತ್ತರದ ಮಾಡು, ಗಟ್ಟಿ ಬಾಗಿಲು. ಇನ್ನೇನು ಬೇಕು? ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್! ಸೀಸನ್ ಮುಗಿದು ಖಾಲಿ ಬಿದ್ದಿತ್ತು. ಕಂಪ್ಯೂಟರನ್ನೂ ಸ್ಪೀಕರನ್ನೂ ಅಲ್ಲಿಗೆ ಸಾಗಿಸಿದೆ.

ಹಾಡು ಹಾಕಿದೆ. ಅಬ್ಬಬ್ಬಾ! ಮನೆಯಲ್ಲಿ ಸಾಧುವಾಗಿದ್ದ 'ದುಂ' ಸದ್ದು ಇಲ್ಲಿ ಗೋಡೆಯಿಂದ ಗೋಡೆಗೆ ಗುದ್ದಿ ಹೆಂಚನ್ನೇ ನಡುಗಿಸಿತು. ತಲೆಯ ಮೇಲೆ ಧೂಳು ಸುರಿಯಿತು. ಓಹೋ, ತಪ್ಪು ಸಿಕ್ಕಿತು! ಹಾಡಿನಲ್ಲಿ ಬೇಸ್, ಅಂದರೆ ಈ ದುಂ, ವಿಪರೀತ. ತಗ್ಗಿಸಿದೆ. ಇನ್ನೂ ಗುಂಯ್‌ಗುಟ್ಟಿತು. ಮತ್ತೂ ತಗ್ಗಿಸಿದೆ. ಬೇಸ್ ಹೆಚ್ಚುಕಡಿಮೆ ಸೊನ್ನೆಗೆ ಇಳಿದಾಗ ಧೂಳು ನಿಂತಿತು, ಹಾಡು ಇಂಪಾಗಿ ಕೇಳಿಸಿತು.

ಕಾಫಿ ತಂದ ಹೆಂಡತಿ ಸರೋಜ ಬಾಗಿಲಾಚೆಯೇ ನಿಂತಳು.

"ಏನ್ರೀ ಇದು, ಬರೀ ಟಿಸ್ ಟಿಸ್ ಅಂತೈತೆ?"

"ಸಂಗೀತದ ಗಂಧಗಾಳಿ ಇಲ್ಲದೋಳೆ, ಒಳಗೆ ಬಂದು ಕೇಳೇ!"

ಒಳಗೆ ಬಂದು ಕೇಳಿದಳು. "ಹೂಂ, ಒಳಗೆ ಚೆನ್ನಾಗೇ ಐತೆ ಕಣ್ರೀ. ಮದ್ವೆಗೆ ಬಂದೋರ್ನೆಲ್ಲ ಬ್ಯಾರನ್‌ಗೆ ತುಂಬುಸ್ತೀರಾ?"

ಇಂಥವರ ಜತೆ ವಾದ ಮಾಡಿ ಕಲಾವಿದ ತನ್ನ ಮಟ್ಟ ಇಳಿಸಿಕೊಳ್ಳಬಾರದು. ಸುಮ್ಮನೆ ನಕ್ಕು ಕಾಫಿ ಕುಡಿದೆ.

ಮೆರವಣಿಗೆಯ ದಿನ ಹನಗೋಡಿನ ನನ್ನ ಮಾವನ ಮನೆ ಬೀದಿಯಲ್ಲಿ ಟ್ರ್ಯಾಕ್ಟರ್ ನಿಂತಿತು. ಅದರ ಟ್ರೈಲರಿನ ತುಂಬ ಆಳೆತ್ತರದ ಸ್ಪೀಕರುಗಳು. ಎದುರಿಗೆ ಹೆಣ್ಣಿನ ಕಡೆಯವರು. ಸ್ವಾಮಿ ಪೇಟ ಸರಿಮಾಡಿಕೊಂಡು ಎರಡೂ ಕೈ ಮೇಲೆತ್ತಿದ. ನಾನು ಸೌಂಡ್ ಆಪರೇಟರಿಗೆ ಗಂಭೀರವಾಗಿ ತಲೆಯಾಡಿಸಿದೆ.

ಟಿಸ್ ಟಿಸ್ ಟಿಸ್ ಟಿಸ್.

ಅಷ್ಟೇ! ದುಂ ಅನ್ನಿಸುತ್ತಿದ್ದ ಗೋಡೆಗಳು ಬ್ಯಾರನ್ನಿನಲ್ಲೇ ಉಳಿದಿದ್ದವು. ಸ್ವಾಮಿಯ ಕೈ ಮೇಲೆತ್ತಿದಂತೆಯೇ ನಿಂತಿತ್ತು.

"ಎಲ್ರಪ್ಪಾ ಕಡ್ಲೆಕಾಯಿ ಹುರೀತಾವ್ರೆ?" ಎಂದರು ಹೆಣ್ಣಿನ ಸೋದರಮಾವ. ಕೆ.ಆರ್. ನಗರವೇ ನಕ್ಕಿತು.

"ಬೇಸ್ ಎತ್ತಯ್ಯಾ!" ಎಂದು ಕಿರುಚಿದೆ.

"ಹಾಡಲ್ಲಿ ಬೇಸ್ ಇದ್ರಲ್ವಾ ಸಾ ಎತ್ತೋದು?" ಎಂದ ಆಪರೇಟರ್.

"ಸೌಂಡಾದರೂ ಜಾಸ್ತಿ ಮಾಡು!"

ಮಾಡಿದ. ಕಿವಿಗೆ ಸೂಜಿ ಚುಚ್ಚಿದಂತಾಯಿತು. ಬೀದಿನಾಯಿಗಳು ಊಳಿಟ್ಟವು. ಅವಕ್ಕಾದರೂ ತಾಳ ಸಿಕ್ಕಿತಲ್ಲ!

"ಮರ್ವಾದೆ ಹೋಯ್ತಾ ಐತೆ ಕಣ್ ಭಾವ. ಯಾವುದ್ಕೆ ಅಂತ ಕಾಲ್ ಎತ್ಲಿ?" ಸ್ವಾಮಿ ಅಳುವುದೊಂದು ಬಾಕಿ. ನನಗೂ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬ್ಯಾಂಡಿನವರಿಗೆ ಫೋನ್ ಮಾಡಿಸಿದರೆ ಅವರು ಪಿರಿಯಾಪಟ್ಟಣದ ಇನ್ಯಾವುದೋ ಮದುವೆಯಲ್ಲಿ ಕೆನ್ನೆ ಉಬ್ಬಿಸುತ್ತಿದ್ದರು.

ಆಗ ಸರೋಜ ಅಡುಗೆಯವರ ಬಳಿ ಇದ್ದ ಖಾಲಿ ನೀರಿನ ಡ್ರಮ್ಮನ್ನು ಉರುಳಿಸಿಕೊಂಡು ಬಂದು ನನ್ನೆದುರು ಕುಕ್ಕಿದಳು.

"ದುಂ ನುಂಗಿದೋರು ನೀವೇ ಅಲ್ವಾ? ಹೊಡೀರಿ!"

ಟ್ರೈಲರ್ ಹತ್ತಿ ಡ್ರಮ್ಮನ್ನು ಬೋರಲು ಹಾಕಿ, ಸೌದೆ ಹಿಡಿದು ಹೊಡೆದೆ. ದುಂ! ದುಂ! ಸ್ವಾಮಿಯ ಕಾಲು ಎದ್ದಿತು. ಗೆಳೆಯರು ನುಗ್ಗಿದರು. ಕೆ.ಆರ್. ನಗರದವರೂ ಪಂಚೆ ಎತ್ತಿಕಟ್ಟಿದರು. ಬೆವರು ಸುರಿಯುತ್ತಿದ್ದರೂ ನನ್ನ ಎದೆ ಉಬ್ಬಿತು. ಅಂತೂ ನನ್ನ ಹಾಡಿಗೆ ಜನ ಕುಣಿದರಲ್ಲ!

ಸೋದರಮಾವ ಕುಣಿಯುತ್ತಲೇ ಟ್ರೈಲರಿನ ಹತ್ತಿರ ಬಂದು ಆಪರೇಟರಿಗೆ ಕೂಗಿದರು.

"ಡ್ರಮ್ಮಿನೋರು ಶಾನೆ ಚೆನ್ನಾಗಿ ಹೊಡೀತಾವ್ರೆ ಕಣಯ್ಯಾ. ಆ ಹಾಡೊಂದು ನಿಲ್ಸು!"

ಆಪರೇಟರ್ ನನ್ನ ಮುಖ ನೋಡಿದ. ಕೈ ಬಿಡುವಿರಲಿಲ್ಲ, ತಲೆಯಾಡಿಸಿದೆ. ಹಾಡು ನಿಂತಿತು.

ಕುಣಿತ ಇನ್ನೂ ಜೋರಾಯಿತು!