ಬೆಂಕಿ ಕಾಣದ ಕಲ್ಲು

ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ, ಪುಟಾಣಿ ಕಡಲೆಗಿಂತ ತುಸು ಸಣ್ಣದಾದ ಒಂದು ಗುಲಾಬಿ ನೀಲದ ಹರಳು.

ನೀಲ ಅಂದಮೇಲೆ ಗುಲಾಬಿ ಹೇಗಾದೀತು ಎಂದು ಚನ್ನಬಸಪ್ಪನೂ ಹಿಮಾಯತ್‌ನಗರದ ಹರಳಿನ ಅಂಗಡಿಯಲ್ಲಿ ಕೇಳಿದ್ದ. ಅಂಗಡಿಯ ಮುದುಕ ನಕ್ಕು, "ನೀಲಂ ಖಾನ್‌ದಾನ್ ದೊಡ್ಡದು ಸಾಬ್. ಇದು ಆ ಮನೆಯ ಗುಲಾಬಿ ಬೇಟಿ" ಎಂದು ಕೈಗೆ ಭೂತಗನ್ನಡಿ ಕೊಟ್ಟಿದ್ದ.

ಚನ್ನಬಸಪ್ಪನಿಗೆ ಭೂತಗನ್ನಡಿ ಹೊಸದಲ್ಲ. ಲಿಂಗಂಪಲ್ಲಿ ಹತ್ತಿರದ ಯಂತ್ರ ಕಾರ್ಖಾನೆಯಲ್ಲಿ ಅವನದು ತಪಾಸಣೆಯ ಕೆಲಸ. ಉಕ್ಕಿನ ತುಂಡಿನಲ್ಲಿ ಬಿರುಕು ಹುಡುಕುವುದು, ಸಿಕ್ಕರೆ ಕೆಂಪು ಬಣ್ಣ ಬಳಿದು ಮೂಲೆಗೆ ತಳ್ಳುವುದು. ಅದೇ ಕಣ್ಣಿನಿಂದ ನೋಡಿದರೆ ಹರಳಿನೊಳಗೆ ಸೊಳ್ಳೆಯ ಕಾಲಿನಷ್ಟು ಸಣ್ಣ ಗೆರೆ ಕಂಡಿತು. ಇನ್ನೇನು ಮೂಲೆಗೆ ತಳ್ಳಬೇಕು ಅನ್ನುವಷ್ಟರಲ್ಲಿ ಮುದುಕ ಹೇಳಿದ: "ಅದು ಐಬಲ್ಲ ಸಾಬ್, ನೆಲ ಹಾಕಿದ ರುಜು. ಪೇಟೆಗೆ ಬರುವ ಹರಳುಗಳಲ್ಲಿ ಬಹಳಷ್ಟನ್ನು ಕುಲುಮೆಗೆ ಹಾಕಿ ಬಣ್ಣ ಏರಿಸಿರುತ್ತಾರೆ. ಇದು ಬೆಂಕಿಯನ್ನೇ ಕಂಡಿಲ್ಲ. ಹುಟ್ಟಿದ ಹಾಗೇ ಇದೆ."

ಕೂಸಿನ ಅಂಗಾಲಿನ ಬಣ್ಣ ಅದಕ್ಕೆ. ನೋಡುತ್ತಾ ನೋಡುತ್ತಾ ಚನ್ನಬಸಪ್ಪನಿಗೆ ಹೆಂಡತಿ ಪ್ರೇಮಾ ನೆನಪಾದಳು. ಇಪ್ಪತ್ತು ವರ್ಷದಿಂದ ನಸುಕಿನ ನಾಲ್ಕೂವರೆಗೆ ಎದ್ದು ಅವನ ಬುತ್ತಿ ಕಟ್ಟಿದವಳು. ಅವನಿಗೆ ಕಾಮಾಲೆಯಾಗಿ ನಾಲ್ಕು ತಿಂಗಳು ಮಲಗಿದಾಗ ಕಾಲನಿಯ ಹೆಂಗಸರ ರವಿಕೆ ಹೊಲಿದು ಮನೆ ನಡೆಸಿ, ಆ ಮೇಲೆ ಒಂದು ದಿನವೂ ಅದನ್ನು ಎತ್ತಿ ಆಡದವಳು. 'ನಿನ್ನಿಂದ ಉಳದೆ' ಅಂತ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದ. ಹೊರಬಿದ್ದದ್ದು 'ಚಾ ಆತೇನು' ಅನ್ನುವ ಮಾತೊಂದೇ. ತನ್ನಿಂದ ಆಗದ ಮಾತನ್ನು ಈ ಕಲ್ಲಾದರೂ ಆಡಲಿ ಎಂದು ಎರಡು ದಸರೆಯ ಬೋನಸ್ಸು ಸುರಿದು ತಂದ.

ಮರುದಿನ ಬೆಳಿಗ್ಗೆ ಅದನ್ನು ಪ್ರೇಮಾಳ ಅಂಗೈ ಮೇಲಿಟ್ಟು, "ಉಂಗುರ ಮಾಡಿಸೋಣು. ಹುಟ್ಟಿದಾಂಗ ಐತಿ, ಯಾರೂ ಕೈ ಹಚ್ಚಿಲ್ಲ... ನಿನ್ನಂಗ" ಎಂದ. ಅಷ್ಟು ಹೇಳಿ ನೇರ ಸ್ನಾನಕ್ಕೆ ಹೋದ.

ಪ್ರೇಮಾ ಕಲ್ಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಪಕ್ಕದ ಮನೆಯ ಉಮಾಬಾಯಿ ಬಂದರು. ಕಾಲನಿಯಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಎನ್ನುವುದು ಆ ಮನೆಯವರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

"ಇದೇನ ಪ್ರೇಮಾ, ಮಾಣಿಕ ಆಗಾಕ ಹೊಂಟು ಅರ್ಧ ದಾರ್ಯಾಗ ನಿಂತಂಗ ಐತಿ."

"ನನಗೂ ಬೀಟ್‌ರೂಟ್ ತೊಳದ ನೀರಿನಂಗ ಕಾಣತೈತಿ ಅಕ್ಕಾರ. ಅವರಿಗೆ ಹೆಂಗ ಹೇಳೋದು? ಭಾಳ ಪ್ರೀತಿಲೆ ತಂದಾರ."

ಕಲ್ಲಿನ ಜೊತೆ ಬಂದ ಕಾಗದವನ್ನು ಉಮಾಬಾಯಿ ಕನ್ನಡಕವೇರಿಸಿ ಓದಿದರು. "ಅಯ್ಯ, ಇಲ್ಲೇ ಬರದಾರ ನೋಡು. ಟ್ರೀಟ್‌ಮೆಂಟ್ ಆಗಿಲ್ಲ ಅಂತ. ಹಸೀದs ಕೊಟ್ಟು ಕಳಿಸ್ಯಾರ."

ಈ ಮಾತು ಬಾಗಿಲಲ್ಲಿ ನಿಂತ ಸೂಗಪ್ಪನ ಕಿವಿಗೆ ಬಿತ್ತು. ಚನ್ನಬಸಪ್ಪನ ಗ್ರಹಚಾರ ಶುರುವಾದದ್ದು ಇಲ್ಲಿಂದ.

ಸೂಗಪ್ಪ ಅದೇ ಕಾರ್ಖಾನೆಯ ಹೀಟ್ ಟ್ರೀಟ್‌ಮೆಂಟ್ ವಿಭಾಗದವನು. ಉಕ್ಕಿನ ತುಂಡುಗಳನ್ನು ಫರ್ನೇಸಿನಲ್ಲಿ ಕಾಯಿಸಿ ಗಟ್ಟಿ ಮಾಡುವುದು ಅವನ ಕೆಲಸ. ಅವನ ಹೆಂಡತಿ ಶರಣಬಸಮ್ಮನ ಹೆರಿಗೆಯಲ್ಲಿ ಚನ್ನಬಸಪ್ಪ ಒಂದು ಬಾಟಲಿ ರಕ್ತ ಕೊಟ್ಟಿದ್ದ. ಅಂದಿನಿಂದ ಸೂಗಪ್ಪ ಉಪಕಾರ ತೀರಿಸುತ್ತಲೇ ಇದ್ದಾನೆ. ಒಮ್ಮೆ ಚನ್ನಬಸಪ್ಪನ ಮನೆಯ ಈಳಿಗೆಯನ್ನು ಒಯ್ದು ಟ್ರೀಟ್ ಮಾಡಿ ತಂದ. ಅದು ಸೌತೆಕಾಯಿಯ ಜೊತೆಗೆ ಪ್ರೇಮಾಳ ಹೆಬ್ಬೆರಳನ್ನೂ ಹೆಚ್ಚಿತು. ಇನ್ನೊಮ್ಮೆ ಬಕೆಟ್ಟಿನ ಹಿಡಿಕೆ ಗಟ್ಟಿ ಮಾಡಿಕೊಟ್ಟ. ಹಿಡಿಕೆ ಗಟ್ಟಿಯಾಯಿತು, ಬಕೆಟ್ಟು ಸೋರಿತು.

"ಟ್ರೀಟ್‌ಮೆಂಟ್ ಆಗಿಲ್ಲಂದ್ರ ಅಣ್ಣಾರ ಎದಿ ಎಷ್ಟು ಉರದಿರಬೇಕು" ಎಂದ ಸೂಗಪ್ಪ. "ಟ್ರೀಟ್‌ಮೆಂಟ್ ಆಗದ ಒಂದು ಬೋಲ್ಟ್ ಸುದ್ದಾ ಪಾಸ್ ಮಾಡಾವರಲ್ಲ ಅವರು. ವೈನಿ, ಕೊಡ್ರಿ ಇಲ್ಲಿ. ಸಂಜೀಕ ಪಕ್ಕಾ ಮಾಡಿ ತರ್ತೀನಿ. ಅಣ್ಣಾರಿಗೆ ಈಗs ಹೇಳಬ್ಯಾಡ್ರಿ."

ಚನ್ನಬಸಪ್ಪ ತಲೆ ಒರೆಸುತ್ತ ಹೊರಬರುವಷ್ಟರಲ್ಲಿ ಕಲ್ಲೂ ಇರಲಿಲ್ಲ, ಸೂಗಪ್ಪನೂ ಇರಲಿಲ್ಲ. ಪ್ರೇಮಾಳ ಹೊಟ್ಟೆಯಲ್ಲಿ ಗುಟ್ಟು ನಿಂತದ್ದು ಸರಿಯಾಗಿ ಅರ್ಧ ನಿಮಿಷ. ಕೇಳಿದ ಚನ್ನಬಸಪ್ಪ ಅಂಗಿಯ ಗುಂಡಿಗಳನ್ನು ಒಂದೊಂದು ಮನೆ ತಪ್ಪಿಸಿ ಹಾಕಿಕೊಂಡು, ಚಪ್ಪಲಿಯಲ್ಲೇ ಸ್ಕೂಟರ್ ಹತ್ತಿದ.

ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ತನ್ನ ಬೆರಕೆ ತೆಲುಗಿನಲ್ಲಿ ತಡೆದ. "ಚಪ್ಪಲ್ ವೇಸುಕೊನಿ ಲೋಪಲಿಕಿ ಪೋಕೂಡದು ಸಾರ್, ಬೂಟು ಬೇಕು. ಆ ರೂಲು ಮೀರು ಚೇಸಿಂದೇ ಕದಾ." ಚಪ್ಪಲಿ ಹಾಕಿದವರನ್ನು ಒಳಗೆ ಬಿಡಬಾರದೆಂಬ ಆ ನಿಯಮ ಮಾಡಿದ ಸಮಿತಿಯಲ್ಲಿ ಚನ್ನಬಸಪ್ಪನೂ ಇದ್ದದ್ದು ನಿಜ. ಕೊನೆಗೆ ಕಾವಲುಗಾರನ ಕೋಣೆಯಲ್ಲಿ ಬಿದ್ದಿದ್ದ ಎರಡು ಬೂಟು ಸಿಕ್ಕವು. ಒಂದು ಕಾಲಿಗೆ ದೊಡ್ಡದು, ಇನ್ನೊಂದು ಕಾಲಿಗೆ ಸಣ್ಣದು. ಒಂದು ಹೆಜ್ಜೆ ಆನೆಯಂತೆ, ಒಂದು ಹೆಜ್ಜೆ ಕುಂಟು ಕೋಳಿಯಂತೆ ಇಡುತ್ತ ಅವನು ಅರ್ಧ ಮೈಲಿ ಓಡಿದ. ದಾರಿಯಲ್ಲಿ ಕಂಡವರೆಲ್ಲ ಎಲ್ಲೋ ದೊಡ್ಡ ಅಪಘಾತ ಆಗಿದೆ ಎಂದು ಅವನ ಹಿಂದೆಯೇ ಓಡಿ ಬಂದರು.

ಫರ್ನೇಸಿನ ಬಾಗಿಲು ಮುಚ್ಚಿತ್ತು. ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಪಕ್ಕದಲ್ಲಿ ಸೂಗಪ್ಪ, ಫೋರ್ಮನ್ ವಾಸುದೇವರ ಜೊತೆ ನಿಂತಿದ್ದ.

"ಸೂಗಪ್ಪಾ, ನನ್ನ ಸಾಮಾನು?"

ಸೂಗಪ್ಪ ಫೋರ್ಮನ್ನರ ಕಡೆ ಒಮ್ಮೆ ನೋಡಿ, ಚನ್ನಬಸಪ್ಪನಿಗೆ ಕಣ್ಣು ಮಿಟುಕಿಸಿದ. "ಚಿಂತಿ ಬಿಡ್ರಿ ಅಣ್ಣಾರ. ಸಂಜೀಕ ಮನಿಗೇ ತರ್ತೀನಿ."

"ಬಾಗಲಾ ತಗಸ್ರಿ ವಾಸುದೇವ್ರ. ಈಗಿಂದೀಗ."

ವಾಸುದೇವರು ಗೋಡೆಯ ಮೇಲಿನ ಫಲಕ ತೋರಿಸಿದರು. 'ನಡುವೆ ಬಾಗಿಲು ತೆರೆದರೆ ಇಡೀ ಬ್ಯಾಚ್ ತಿರಸ್ಕೃತ. ಸಹಿ: ಚನ್ನಬಸಪ್ಪ, ತಪಾಸಣೆ ವಿಭಾಗ.'

"ಒಳಗ ಮುನ್ನೂರು ಬೋಲ್ಟ್ ಅದಾವ್ರಿ" ಎಂದರು ವಾಸುದೇವರು. "ನೀವs ಬರಕೊಡ್ರಿ, ತಗೀತೀನಿ. ನಾಳೆ ನೀವs ತಿರಸ್ಕಾರ ಮಾಡ್ರಿ."

ಚನ್ನಬಸಪ್ಪ ಎದುರಿನ ಕಬ್ಬಿಣದ ಪೆಟ್ಟಿಗೆಯ ಮೇಲೆ ಕುಳಿತ. ಎಂಟುನೂರು ಡಿಗ್ರಿ. ನೆಲ ಹಾಕಿದ ರುಜು, ಕೂಸಿನ ಅಂಗಾಲಿನ ಬಣ್ಣ, ಇಪ್ಪತ್ತು ವರ್ಷ ಬಾಯೊಳಗೆ ಉಳಿದ ಮಾತು, ಎಲ್ಲವೂ ಮುನ್ನೂರು ಬೋಲ್ಟುಗಳ ಜೊತೆ ಒಳಗೆ ಬೇಯುತ್ತಿದೆ. ಹಿಂದೆ ಓಡಿ ಬಂದವರು, ಯಾರೋ ತೀರಿಕೊಂಡಿರಬೇಕೆಂದು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಸ್ವಲ್ಪ ಹೊತ್ತು ನಿಂತು ಹೋದರು.

ಸಂಜೆ ಮನೆಗೆ ಬಂದರೆ ಮನೆ ತುಂಬ ಹೆಂಗಸರು. ಸೂಗಪ್ಪ ಅವನಿಗಿಂತ ಮೊದಲೇ ಬಂದು ಉಪ್ಪಿಟ್ಟು ತಿನ್ನುತ್ತಿದ್ದ. ಪ್ರೇಮಾ ಕಲ್ಲನ್ನು ಚಪಾತಿ ಹಿಟ್ಟಿನಿಂದ ಬೆರಳಿಗೆ ಅಂಟಿಸಿಕೊಂಡು ಎಲ್ಲರಿಗೂ ತೋರಿಸುತ್ತಿದ್ದಳು.

"ಮುಂಜಾನಿ ಸತ್ತಂಗ ಇತ್ತು" ಎಂದರು ಉಮಾಬಾಯಿ. "ಈಗ ಮಾರಿ ನೋಡ್ರಿ ಅದರದು. ಮದಲಗಿತ್ತಿಯಂಗ ಆಗೈತಿ."

ಕಲ್ಲು ಹೊಳೆಯುತ್ತಿದ್ದದ್ದೇನೋ ನಿಜ. ಭೂತಗನ್ನಡಿ ತೆಗೆದು ನೋಡುವ ಧೈರ್ಯ ಮಾತ್ರ ಚನ್ನಬಸಪ್ಪನಿಗೆ ಆಗಲಿಲ್ಲ.

ಹೆಂಗಸರು ಹೋದ ಮೇಲೆ ಪ್ರೇಮಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. "ರೀ, ಮುಂಜಾನಿ ನಾ ಬೀಟ್‌ರೂಟ್ ನೀರು ಅಂದಿದ್ದೆ. ಹಂಗ ಅನಬಾರದಿತ್ತು. ಇಪ್ಪತ್ತು ವರ್ಷಕ್ಕ ನನಗಂತ ಒಂದು ಸಾಮಾನು ಹುಡುಕಿ ತಂದೀರಿ. ಅದು ಹಸೀದಿದ್ರೇನು, ಬೆಂದಿದ್ರೇನು." ಬೆರಳನ್ನು ದೀಪದ ಕಡೆ ತಿರುಗಿಸಿ ನೋಡಿದಳು. "ಆದ್ರೂ ಸೂಗಪ್ಪನ ಕೈಗುಣ ದೊಡ್ಡದು ಬಿಡ್ರಿ."

ಚನ್ನಬಸಪ್ಪನ ಮನಸ್ಸು ಎರಡಾಯಿತು. ಅರ್ಧ ಸಂತೋಷಕ್ಕೆ, ಇನ್ನರ್ಧ ಸುಟ್ಟುಹೋದ ರುಜುವಿಗೆ. ಇವಳ ಮುಖ ಇಷ್ಟು ಅರಳಿರುವಾಗ ಕಲ್ಲು ಕೆಟ್ಟಿತೆಂದು ಹೇಗೆ ಹೇಳುವುದು? ಸೂಗಪ್ಪನನ್ನು ಕಳಿಸುವ ನೆಪದಲ್ಲಿ ಅಂಗಳಕ್ಕೆ ಬಂದ.

ಗೇಟಿನ ಹತ್ತಿರ ಸೂಗಪ್ಪ ಅವನ ಕೈ ಹಿಡಿದುಕೊಂಡ. ಮುಖ ಸಣ್ಣಗಾಗಿತ್ತು.

"ಅಣ್ಣಾರ, ಒಂದು ತಪ್ಪಾಗೈತಿ. ವೈನಿ ಮುಂದ ಹೇಳಾಕ ಬಾಯಿ ಬರಲಿಲ್ಲ. ಫರ್ನೇಸ್ ಬಾಗಲದ ತನಕಾ ಒಯ್ದೆ. ಆ ಉರಿ ನೋಡಿ ಹಿಂದ ಸರದೆ. ಒಡದು ಹ್ವಾದ್ರ ನಿಮಗೆ ಏನ್ ಮಾರಿ ತೋರಸ್ಲಿ? ಹಾಕಲಿಲ್ರಿ. ಕಿಸೇದಾಗs ಇಟಗೊಂಡಿದ್ದೆ. ಮನಿ ಸಾಮಾನು ತಂದೀನಿ ಅಂದ್ರ ಫೋರ್ಮನ್ನರು ಬಿಡಾವರಲ್ಲ, ಅದಕ್ಕ ಅವರ ಮುಂದ ನಿಮಗೂ ಹೇಳಾಕ ಆಗಲಿಲ್ಲ. ಮತ್ತ ಸಾಬೂನು ಹಚ್ಚಿ ತೊಳದು, ಹಲ್ಲುಪುಡಿಲೆ ತಿಕ್ಕಿ ತಂದೀನಿ, ಅಷ್ಟs."

ಚನ್ನಬಸಪ್ಪ ಗೇಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಇಡೀ ದಿನ ಎದೆಯ ಮೇಲಿದ್ದ ಮುನ್ನೂರು ಬೋಲ್ಟು ಒಮ್ಮೆಲೇ ಇಳಿದಂತಾಯಿತು. ಹೆಂಡತಿಗೆ ಇಪ್ಪತ್ತು ವರ್ಷ ಹೇಳಲಾಗದ ಮಾತು, ಈ ಮನುಷ್ಯನ ಮುಂದೆ ತಾನಾಗಿ ಹೊರಬಂತು. "ಸೂಗಪ್ಪಾ, ನಿನ್ನಿಂದ ಉಳದೆ. ನೀ ಹಾಕದs ಇದ್ದದ್ದು ದೊಡ್ಡ ಉಪಕಾರ ಆತು" ಎಂದು ಎರಡೂ ಕೈ ಜೋಡಿಸಿದ.

ಸೂಗಪ್ಪನ ಕಣ್ಣು ತುಂಬಿದವು. "ಕೆಲಸ ಮಾಡದಾಂವಗs ಕೈ ಮುಗೀತೀರಲ್ರಿ. ಎಂಥಾ ದೊಡ್ಡ ಮನಸ್ರಿ ನಿಮ್ದು. ರಕ್ತದ ಋಣನs ಇನ್ನೂ ತೀರಿಲ್ಲ, ಅದರ ಮ್ಯಾಲೆ ಇದೊಂದು ಬಂತು. ಇದನ್ನ ತೀರಸದs ಬಿಡಾಂವಲ್ಲ ನಾ."

ಕಣ್ಣೊರೆಸಿಕೊಂಡು ಅವನು ಅಂಗಳದ ತುಂಬ ನೋಟ ಹಾಯಿಸಿದ. ಗೋಡೆಗೆ ಒರಗಿಸಿದ್ದ, ಚನ್ನಬಸಪ್ಪನ ಮಗಳ ಹೊಸ ಸೈಕಲ್ಲಿನ ಮೇಲೆ ನೋಟ ನಿಂತಿತು.

"ಅಣ್ಣಾರ, ಇದರ ಚೈನಿಗೆ ಟ್ರೀಟ್‌ಮೆಂಟ್ ಆಗೈತೇನ್ರಿ?"

ಚನ್ನಬಸಪ್ಪ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಒಳಗೆ ಹೋಗಿ ಅಗಳಿ ಹಾಕಿಕೊಂಡ.