ಈಜುಕೊಳದಲ್ಲಿ ಕರಗಿ ಕುಳಿತ ತಾಮ್ರದವರಿಗೆ

ಮಾನ್ಯರೇ,

ಕಣ್ಣಿಗೆ ಕಾಣದಿದ್ದರೂ ವಿಜಯಪುರದ ನಮ್ಮ ಬಡಾವಣೆಯ ಈಜುಕೊಳದ ಹನಿಹನಿಯಲ್ಲೂ ಹಾಜರಿರುವ ತಮಗೆ, ಒದ್ದೆ ಕೈಗಳನ್ನೇ ಜೋಡಿಸಿ ಮಾಡುವ ನಮಸ್ಕಾರಗಳು.

ತಾವು ಕರೆಯದೆ ಬಂದವರಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಕೊಳ ನೋಡಿಕೊಳ್ಳುವ ಬಸಗೊಂಡಪ್ಪನವರಿಗೆ ಬಿಜ್ಜರಗಿಯಲ್ಲಿ ಎರಡೆಕರೆ ದ್ರಾಕ್ಷಿ ಇದೆ. ಗೋಡೆಗೆ ಪಾಚಿ ಹಿಡಿದದ್ದನ್ನು ಕಂಡೊಡನೆ, ಬಳ್ಳಿಗೆ ರೋಗ ಬಂದಾಗ ಮಾಡುವಂತೆಯೇ ಮೈಲುತುತ್ತವನ್ನು ಬಕೆಟ್‌ಗಟ್ಟಲೆ ಕಲಸಿ ಸುರಿದು, "ದ್ರಾಕ್ಷಿಗೆ ನಡೀತದ, ನೀರಿಗೆ ಯಾಕ ನಡ್ಯಂಗಿಲ್ರಿ" ಎಂದರು. ಪಾಚಿ ಹೋಯಿತು. ಮೈಲುತುತ್ತದೊಳಗಿನ ತಾಮ್ರವಾದ ತಾವು ಉಳಿದಿರಿ. ನೀರಿಗೆ ಬಂದ ನವಿಲುಗರಿಯ ಬಣ್ಣ ನೋಡಲು ತಿಕೋಟಾದಿಂದಲೂ ಜನ ಬಂದು ಫೋಟೊ ತೆಗೆಸಿಕೊಂಡರು.

ಇಷ್ಟಕ್ಕೆ ದೂರು ಬರೆಯುವಷ್ಟು ಕೃತಘ್ನ ನಾನಲ್ಲ. ನನ್ನ ಅವ್ವ ಶಂಕ್ರೆವ್ವ, ಮೊಣಕಾಲು ನೋವಿಗೆ ಡಾಕ್ಟರು ಹೇಳಿದಂತೆ ದಿನವೂ ಆ ನೀರಿನಲ್ಲಿ ನಡೆದು, ಕೋಲು ಬಿಡುವಷ್ಟು ಸುಧಾರಿಸಿದ್ದಳು. ಅವಳ ಹಾಲಿನಂಥ ಕೂದಲಿನ ಮೇಲೆ ತಾವು ಕೃಪೆದೋರಿ, ಎರಡೇ ವಾರದಲ್ಲಿ ಅದನ್ನು ಎಳೆ ಮೆಂತ್ಯಪಲ್ಲೆಯ ಬಣ್ಣಕ್ಕೆ ತಂದಿರಿ. ಬರುವ ಭಾನುವಾರ ಬಬಲೇಶ್ವರದಲ್ಲಿ ಅವಳ ಮೊಮ್ಮಗಳು ಕಾವ್ಯಾಳ ಕುಬಸ, ಎಂದರೆ ಸೀಮಂತ. ಅಲ್ಲಿ ಹಸಿರು ಸೀರೆ, ಹಸಿರು ಬಳೆ ಬಸುರಿಯ ಹಕ್ಕು. "ಹಸರು ಬಸರಿಗೆ ಒಪ್ಪತದ, ನಾ ತಲಿಮ್ಯಾಲ ಹೊತ್ಕೊಂಡು ಹೋಗ್ಲೇನು" ಎಂದು ಅವ್ವ ಕುಬಸವನ್ನೂ ಕೊಳವನ್ನೂ ಒಟ್ಟಿಗೇ ಬಿಟ್ಟು ಕೋಣೆ ಸೇರಿದಳು. ನಾಲ್ಕೇ ದಿನಕ್ಕೆ ಕೋಲು ಮತ್ತೆ ಕೈಗೆ ಬಂತು. ಪಕ್ಕದ ಮನೆಯ ಬಾನುಬಿ ಮೆಹಂದಿ ಹಚ್ಚಿ ಮುಚ್ಚೋಣವೆಂದರೆ, ಹಸಿರಿನ ನಡುವೆ ಕೆಂಪು ಕುಳಿತು ತಲೆ ಮೆಣಸಿನಕಾಯಿ ಗಿಡವಾದೀತೆಂದು ಅವ್ವ ಒಪ್ಪಲಿಲ್ಲ.

ಲೋಹವನ್ನು ಹಿಡಿದಿಡುವ ಔಷಧಿ ತರಿಸಿದ್ದೇವೆ. ಅರ್ಧ ನೀರು ಹೊರಹಾಕಿ ಟ್ಯಾಂಕರ್ ನೀರು ತುಂಬಿಸುತ್ತಿದ್ದೇವೆ. ಇಂಥ ಒರಟುತನಕ್ಕೆ ಅವಕಾಶ ಕೊಡದೆ, ತಾವೇ ದೊಡ್ಡ ಮನಸ್ಸು ಮಾಡಿ ಒಂದೆಡೆ ಕೂಡಿ, ಒಂದು ಬಚ್ಚಲ ಹಂಡೆಯಾಗಿ ಮೇಲೆದ್ದು ಬರಬೇಕೆಂದು ವಿನಂತಿ. ಹುಣಸೆಹುಳಿ ಹಚ್ಚಿ ವಾರಕ್ಕೆರಡು ಸಲ ತಿಕ್ಕುವ ಹೊಣೆ ನನ್ನದು. ಬರುವಾಗ ಅವ್ವನ ತಲೆಯ ಮೇಲೆ ಮಾಡಿದ ಸಹಿಯನ್ನೂ ಅಳಿಸಿಕೊಂಡು ಬಂದರೆ ಉಪಕಾರ.

ಬೋಳುತಲೆಯ ಕಾರಣ ತಮ್ಮ ಕೃಪೆಯಿಂದ ವಂಚಿತನಾದ,
ತಮ್ಮ ವಿಶ್ವಾಸಿ,
ಸಂಗನಬಸವ
ಸಿದ್ಧೇಶ್ವರ ಗುಡಿ ಹತ್ತಿರ, ವಿಜಯಪುರ

ತಾ.ಕ.: ಟ್ಯಾಂಕರ್ ನೀರಿನಲ್ಲಿ ತಮ್ಮ ಬಳಗದ ಕಬ್ಬಿಣದವರು ಕರಗಿ ಬಂದಿದ್ದು, ಬಸಗೊಂಡಪ್ಪನವರು ಕ್ಲೋರಿನ್ ಹಾಕಿದೊಡನೆ ಕೊಳ ಚಹಾದ ಬಣ್ಣಕ್ಕೆ ತಿರುಗಿದೆ. ಬಣ್ಣದ ವಿಚಾರವನ್ನು ಇನ್ನು ತಾವು ತಾವೇ ಬಗೆಹರಿಸಿಕೊಳ್ಳಿ. ಅವ್ವ ಇಂದು ಮುಂಜಾನೆ ಕೋಲನ್ನು ದಂಡೆಯ ಮೇಲಿಟ್ಟು ಇಳಿದೇಬಿಟ್ಟಳು: "ಮೊಮ್ಮಗಳ ಉಡಿ ತುಂಬಾಕ ಎದ್ದು ನಿಂದ್ರಬೇಕು, ಅದಕ್ಕ ಮೊಣಕಾಲು ಬೇಕು. ತಲಿಗೆ ಸೆರಗು ಐತಿ."